ಎರಡು ಅಲೆಗಳು ಪರಸ್ಪರ ರದ್ದಾದಾಗ ಶಕ್ತಿ ಎಲ್ಲಿರುತ್ತದೆ?

ಪ್ರಶ್ನೆ:
ಬಿಗಿಯಾಗಿ ಎಳೆದು ಕಟ್ಟಿದ ಹಗ್ಗದ ಎಡತುದಿಯಿಂದ ಒಂದು ಉಬ್ಬನ್ನೂ ಬಲತುದಿಯಿಂದ ಅದೇ ಅಳತೆಯ ಒಂದು ತಗ್ಗನ್ನೂ ಏಕಕಾಲಕ್ಕೆ ಹೊರಡಿಸಿದರೆ, ಅವು ಸಂಧಿಸಿದ ಕ್ಷಣದಲ್ಲಿ ಹಗ್ಗ ಪೂರ್ತಿ ನೇರವಾಗುತ್ತದೆ. ಮರುಕ್ಷಣವೇ ಎರಡೂ ಬೇರ್ಪಟ್ಟು ತಮ್ಮ ತಮ್ಮ ದಿಕ್ಕಿನಲ್ಲಿ ಸಾಗುತ್ತವೆ. ಅಧ್ಯಾರೋಪಣ ತತ್ವದಂತೆ (ಒಂದೆಡೆ ಸೇರಿದ ಅಲೆಗಳ ಪರಿಣಾಮ ಕೂಡಿಕೊಳ್ಳುತ್ತದೆ ಎಂಬ ನಿಯಮ) ಸ್ಥಾನಪಲ್ಲಟಗಳು, ಅಂದರೆ ಹಗ್ಗ ತನ್ನ ನೇರ ಸ್ಥಿತಿಯಿಂದ ಮೇಲೆ ಕೆಳಗೆ ಸರಿದ ಅಳತೆಗಳು, ಕೂಡಿ ಸೊನ್ನೆಯಾಗುತ್ತವೆ ಎಂಬುದು ಅರ್ಥವಾಗಿದೆ. ಆದರೆ ನೇರವಾಗಿಬಿಟ್ಟ ಹಗ್ಗದಿಂದ ಅಲೆಗಳು ಮತ್ತೆ ಏಳುವುದು ಹೇಗೆ? ಅವುಗಳ ಶಕ್ತಿ ಆ ಕ್ಷಣ ಎಲ್ಲಿತ್ತು?

ಮೊದಲ ಉತ್ತರ:
ಆಕಾರವೊಂದನ್ನೇ ನೋಡುವುದರಿಂದ ಈ ತೊಡಕು ಹುಟ್ಟುತ್ತದೆ; ಹಗ್ಗದ ಪ್ರತಿ ಬಿಂದುವಿನ ವೇಗವನ್ನೂ ಗಮನಿಸಬೇಕು. ಸಾಗುತ್ತಿರುವ ಉಬ್ಬಿನ ಮುಂಭಾಗದಲ್ಲಿ ಹಗ್ಗ ಮೇಲೇರುತ್ತಿರುತ್ತದೆ, ಹಿಂಭಾಗದಲ್ಲಿ ಇಳಿಯುತ್ತಿರುತ್ತದೆ. ತಗ್ಗಿನಲ್ಲಿ ಇದು ತಿರುವುಮುರುವು. ಎದುರುಬದುರಾಗಿ ಬಂದ ಇವು ಒಂದರ ಮೇಲೊಂದು ಕೂತಾಗ ಉಬ್ಬಿನ ಮುಂಭಾಗವಿದ್ದಲ್ಲಿಯೇ ತಗ್ಗಿನ ಹಿಂಭಾಗವಿರುತ್ತದೆ, ಎರಡೂ ಹಗ್ಗವನ್ನು ಮೇಲಕ್ಕೇ ಒಯ್ಯುತ್ತಿರುತ್ತವೆ. ಆದ್ದರಿಂದ ಸ್ಥಾನಪಲ್ಲಟ ಸೊನ್ನೆಯಾದರೂ ವೇಗ ಇಮ್ಮಡಿಯಾಗುತ್ತದೆ.

ಲೆಕ್ಕವೂ ಸೊಗಸಾಗಿ ಹೊಂದುತ್ತದೆ. ಒಂಟಿಯಾಗಿ ಸಾಗುವ ಅಲೆಯ ಶಕ್ತಿಯಲ್ಲಿ ಅರ್ಧ ಚಲನಶಕ್ತಿ, ಇನ್ನರ್ಧ ಹಗ್ಗದ ಹಿಗ್ಗಿನಲ್ಲಿರುವ ಪ್ರಚ್ಛನ್ನ ಶಕ್ತಿ. ವೇಗ 2 ಪಟ್ಟಾದರೆ ಚಲನಶಕ್ತಿ 4 ಪಟ್ಟಾಗುತ್ತದೆ. ಅರ್ಧದ 4 ಪಟ್ಟು ಎಂದರೆ 2, ಅಂದರೆ ಎರಡೂ ಅಲೆಗಳ ಪೂರ್ಣ ಶಕ್ತಿ. ನೇರವಾಗಿ ಕಾಣುವ ಆ ಹಗ್ಗ ನಿಶ್ಚಲವಾಗಿರುವುದೇ ಇಲ್ಲ.

ಎರಡನೆಯ ಉತ್ತರ:
ನಿರಂತರವಾಗಿ ಹರಡುವ ಅಲೆಗಳಲ್ಲಿ ಶಕ್ತಿಯ ಹಂಚಿಕೆ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ದೂರದೂರ ಇಟ್ಟ ಎರಡು ಸ್ಪೀಕರ್‌ಗಳು ಒಂದೇ ಸ್ವರವನ್ನು ನುಡಿಸಿದರೆ ಕೆಲವೆಡೆ ಶಬ್ದದ ತೀವ್ರತೆ ಒಂದು ಸ್ಪೀಕರಿನದಕ್ಕಿಂತ ಸುಮಾರು 4 ಪಟ್ಟು, ಕೆಲವೆಡೆ ಹೆಚ್ಚುಕಡಿಮೆ ಸೊನ್ನೆ. ಸರಾಸರಿ 2 ಪಟ್ಟೇ, ಅಂದರೆ ಎರಡೂ ಸ್ಪೀಕರ್‌ಗಳದು ಕೂಡಿದಷ್ಟೇ.

ಪ್ರಶ್ನೆ ಕೇಳಿದವರು:
ವಿವರಣೆಗೆ ಧನ್ಯವಾದಗಳು. ಹಾಗಿದ್ದರೆ ಆ ಸ್ಪೀಕರ್‌ಗಳನ್ನು ಅಂಟಿಸಿದಂತೆ ಪಕ್ಕಪಕ್ಕದಲ್ಲಿಟ್ಟು, ಒಂದರ ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದರೆ? ಆಗ ಎಲ್ಲ ದಿಕ್ಕಿನಲ್ಲೂ ಶಬ್ದ ಕುಗ್ಗುತ್ತದಲ್ಲವೇ?

ಎರಡನೆಯ ಉತ್ತರ ಬರೆದವರು:
ಕುಗ್ಗುತ್ತದೆ, ಮುಖ್ಯವಾಗಿ ಕೆಳಸ್ವರಗಳಲ್ಲಿ. ಗಾಳಿಯಲ್ಲಿ 100 ಹರ್ಟ್ಸ್ ಶಬ್ದದ ತರಂಗಾಂತರ (ಒಂದು ಅಲೆಯ ಉದ್ದ) ಸುಮಾರು 3.4 ಮೀಟರ್, ಅದರ ಮುಂದೆ ಸ್ಪೀಕರ್‌ಗಳ ನಡುವಿನ ಅಂತರ ಬಹಳ ಚಿಕ್ಕದು. ಇಲ್ಲಿ ಶಕ್ತಿ ಬೇರೆಡೆಗೆ ಸರಿಯುವುದಿಲ್ಲ, ಹೊರಡುವುದೇ ಕಡಿಮೆ. ಒಂದು ಸ್ಪೀಕರಿನ ಪರದೆ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಪಕ್ಕದ್ದು ಅದೇ ಗಾಳಿಯನ್ನು ಒಳಕ್ಕೆ ಸೆಳೆದುಕೊಳ್ಳುವುದರಿಂದ ಒತ್ತಡ ಏರುವುದಿಲ್ಲ, ಪರದೆ ಗಾಳಿಯ ಮೇಲೆ ಮಾಡುವ ಕೆಲಸವೂ ಅಷ್ಟರಮಟ್ಟಿಗೆ ಇಳಿಯುತ್ತದೆ.