ಶೈಲಕ್ಕಾ, ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಡ: ಹಳೇ ಕಂಪ್ಯೂಟರಲ್ಲಿ 737 ಹಾರಿಸೋ ವಿಚಾರ

ಶೈಲಕ್ಕಾ, ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಆದಿಯನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅರ್ಧ ಮಾತು ಅವನಿಗೇ. ನೀವು ಕೇಳಿದ್ದು, ಅವನ ಹಳೇ ಕಂಪ್ಯೂಟರಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಟಕ್ಕೆ ಪಿಎಂಡಿಜಿ ಕಂಪನಿ ಮಾಡಿ ಮಾರೋ ಬೋಯಿಂಗ್ 737 ವಿಮಾನ ಓಡುತ್ತಾ, ಇಲ್ಲಾ ಅಂಗಡಿಯವರು ಹೇಳಿದ ಹಾಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕಾ ಅಂತ. ಕಾರ್ಡಿಗೆ ಈಗ ದುಡ್ಡು ಹಾಕ್ಬೇಡಿ. ಚಿಕ್ಕಪ್ಪ ಹೇಳಿದ ಹಾಗೆ ಪೂರ್ತಿ ಹೊಸ ಕಂಪ್ಯೂಟರೂ ಈಗಲೇ ಬೇಕಿಲ್ಲ. ಆದ್ರೆ ಇವತ್ತು ಇರೋ ಸ್ಥಿತೀಲಿ ಓಡ್ಸೋಕೂ ಆಗಲ್ಲ.

ಆದಿ ಹಾಕಿರೋ ಫೋಟೋದಲ್ಲಿ ಕಾಣೋದು ಇಷ್ಟು: ಐ5-4460 ಪ್ರೊಸೆಸರ್, ಎಚ್81 ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಕಡ್ಡಿ, ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ಕಂಪನಿಯವರೇ ಕೊಟ್ಟಿರೋ ಕನಿಷ್ಠ ಪಟ್ಟೀಲಿ ಇದೇ ಐ5-4460, ಇದೇ 8 ಜಿಬಿ ಇದೆ. ಹಾಗಾಗಿ ಅವನ ಸೆಸ್ನಾ 172 ಹಾರ್ತಿದೆ. ಆದ್ರೆ ಆ ಪಟ್ಟಿ ಬರೀ ಸಿಮ್ಯುಲೇಟರಿಗೆ ಮಾತ್ರ, ಅದರ ಮೇಲೆ ಕೂರಿಸೋ ಆಡ್-ಆನ್ ವಿಮಾನದ ಲೆಕ್ಕ ಅದರಲ್ಲಿಲ್ಲ. 737ರ ಕಾಕ್‌ಪಿಟ್‌ನಲ್ಲಿ 6 ದೊಡ್ಡ ಪರದೆ, 2 ಸಿಡಿಯು (ಹಾರಾಟದ ವಿವರ ಒತ್ತೋ ಕೀಲಿಮಣೆ-ಪರದೆ) ಇರುತ್ತೆ, ಅವೆಲ್ಲ ಬಿಡದೆ ಮತ್ತೆ ಮತ್ತೆ ಬರೀತಾನೇ ಇರ್ಬೇಕು. ಹೈಡ್ರಾಲಿಕ್ಸ್, ಕರೆಂಟು, ಇಂಧನ, ಎಫ್‌ಎಂಸಿ (ಮಾರ್ಗ ಲೆಕ್ಕ ಹಾಕೋ ವಿಮಾನದ ಕಂಪ್ಯೂಟರ್), ಎಲ್ಲದರ ಲೆಕ್ಕ ಹಿಂದೆ ನಡೀತಾ ಇರುತ್ತೆ. ಈ ಭಾರದಲ್ಲಿ ಹೆಚ್ಚಿನ ಪಾಲು ಬೀಳೋದು ಪ್ರೊಸೆಸರ್ ಮೇಲೆ, ಅದರಲ್ಲೂ ಮುಖ್ಯವಾಗಿ ಒಂದೇ ಥ್ರೆಡ್ (ಒಂದರ ಹಿಂದೊಂದು ಕೆಲಸ ನಡೆಯೋ ಸಾಲು) ಮೇಲೆ. ಹೋಟೆಲಲ್ಲಿ ದೋಸೆ ಹುಯ್ಯೋನು ಒಬ್ಬನೇ ಇದ್ದಾಗ ಸಪ್ಲೈಯರ್‌ಗಳನ್ನ ಹೆಚ್ಚಿಸಿದ್ರೆ ದೋಸೆ ಬೇಗ ಬರುತ್ತಾ? ಈಗ ಕಾರ್ಡ್ ಹಾಕಿಸೋದೂ ಅಷ್ಟೇ.

ನನ್ನ ಮಾತು ನಂಬಬೇಕಾಗಿಲ್ಲ, ಆದಿ, ನೀನೇ ಅಳೆದು ನೋಡು. ಜನರಲ್ ಆಪ್ಷನ್ಸ್‌ಗೆ ಹೋಗಿ ಡೆವಲಪರ್ ಮೋಡ್ ಆನ್ ಮಾಡು. ಮೇಲೆ ಒಂದು ಮೆನು ಪಟ್ಟಿ ಬರುತ್ತೆ, ಅದರಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಒತ್ತು. ಮೂಲೇಲಿ ಪುಟ್ಟ ಕಿಟಕಿ ತೆರೆದು 'ಲಿಮಿಟೆಡ್ ಬೈ ಮೇನ್‌ಥ್ರೆಡ್' (ಪ್ರೊಸೆಸರಿನ ಆ ಮುಖ್ಯ ಥ್ರೆಡ್ಡೇ ಅಡ್ಡ) ಅಂತಲೋ 'ಲಿಮಿಟೆಡ್ ಬೈ ಜಿಪಿಯು' (ಗ್ರಾಫಿಕ್ಸ್ ಕಾರ್ಡೇ ಅಡ್ಡ) ಅಂತಲೋ ತೋರಿಸುತ್ತೆ, ಜೊತೆಗೆ ಎರಡಕ್ಕೂ ಮಿಲಿಸೆಕೆಂಡ್ ಲೆಕ್ಕ. ಒಂದು ಫ್ರೇಮಿಗೆ, ಅಂದ್ರೆ ಪರದೆ ಮೇಲಿನ ಒಂದು ಚಿತ್ರಕ್ಕೆ, 33 ಮಿಲಿಸೆಕೆಂಡ್ ಅಂದ್ರೆ ಸೆಕೆಂಡಿಗೆ 30 ಫ್ರೇಮ್. ಮೇನ್‌ಥ್ರೆಡ್ 45, ಜಿಪಿಯು 24 ಅಂತ ಇದೆ ಅನ್ನು, ನಿಂಗೆ ಸಿಗೋದು 22 ಫ್ರೇಮ್, ಕಾರ್ಡು ಸುಮಾರು ಅರ್ಧ ಹೊತ್ತು ಸುಮ್ನೆ ಕೂತಿದೆ ಅಂತ ಅರ್ಥ. ಆಗ ಎಷ್ಟೇ ದೊಡ್ಡ ಕಾರ್ಡ್ ಹಾಕಿದ್ರೂ ಆ 45 ಕಮ್ಮಿ ಆಗಲ್ಲ. ಜಿಪಿಯು ಸಂಖ್ಯೆಯೇ ದೊಡ್ಡದಾಗಿ ಬಂದ್ರೆ ಮಾತ್ರ ಅಂಗಡಿಯವರು ಹೇಳಿದ್ದು ಸರಿ.

ಅಳೆಯೋಕೆ ಸೆಸ್ನಾ ಬೇಡ, ಪಿಎಂಡಿಜಿ ಕೊಳ್ಳೋದೂ ಬೇಡ. ಫ್ಲೈಬೈವೈರ್ ತಂಡದ ಎ32ಎನ್‌ಎಕ್ಸ್ ಅಂತ ಏರ್‌ಬಸ್ ಎ320 ಇದೆ, ಪೂರ್ತಿ ಪುಕ್ಕಟೆ, ಅವರದೇ ಇನ್‌ಸ್ಟಾಲರಿನಿಂದ ಇಳಿಸ್ಕೋ. ಮೊದಲ ಸಲ ಲೋಡ್ ಆಗೋವಾಗ ಒಳಗಿನ ಕೋಡ್ ಕಂಪೈಲ್ ಆಗುತ್ತೆ, ಹಳೇ ಪ್ರೊಸೆಸರಲ್ಲಿ ಪರದೆ ಸತ್ತೇ ಹೋಯ್ತೇನೋ ಅನ್ಸುತ್ತೆ. ಗಾಬರಿಯಾಗಿ ಮುಚ್ಬೇಡ, ಕಾಯಿ. ಅಳತೇನ 35,000 ಅಡಿ ಎತ್ತರದಲ್ಲಿ ಮಾಡ್ಬೇಡ, ಅಲ್ಲಿ ಯಾವ ಕಂಪ್ಯೂಟರೂ ಹೀರೋನೇ. ಬೆಂಗಳೂರು ನಿಲ್ದಾಣದ ಗೇಟಲ್ಲಿ ನಿಂತು ಒಂದ್ಸಲ, ಇಳಿಯೋಕೆ ಬರೋವಾಗ 2,000 ಅಡೀಲಿ ಒಂದ್ಸಲ ಬರ್ಕೋ. ಹುಬ್ಬಳ್ಳಿ, ಮೈಸೂರಿನಂಥ ಚಿಕ್ಕ ನಿಲ್ದಾಣದಲ್ಲಿ ಸಂಖ್ಯೆ ಚೆನ್ನಾಗೇ ಬರುತ್ತೆ, ಅದನ್ನ ನಂಬಿ ಮೋಸ ಹೋಗ್ಬೇಡ.

ಇನ್ನು ಖರ್ಚಿನ ಮಾತು, ಶೈಲಕ್ಕಾ, ಇದೇ ಕ್ರಮದಲ್ಲಿ ಮಾಡಿಸಿ. ಮೊದಲು ರ‍್ಯಾಮ್. 8 ಜಿಬಿಗೆ ವಿಮಾನವೂ ವಿಂಡೋಸೂ ಸೇರಿ ಕೂರಲ್ಲ, ಇಳಿಯೋ ಹೊತ್ತಿಗೆ ಸರಿಯಾಗಿ ಸಿಮ್ಯುಲೇಟರ್ ಮುಚ್ಕೊಂಡು ಡೆಸ್ಕ್‌ಟಾಪಿಗೆ ಬಂದು ನಿಲ್ಲುತ್ತೆ. ಇನ್ನೊಂದು 8 ಜಿಬಿ ಡಿಡಿಆರ್3 1600 ಕಡ್ಡಿ ಹಾಕಿ. ಎಚ್81ರಲ್ಲಿ ಸ್ಲಾಟ್ ಎರಡೇ, ಒಟ್ಟು 16 ಜಿಬಿಗೇ ಮಿತಿ, ಅದಕ್ಕೇ 4ರ ಕಡ್ಡಿ ತಂದು ಜಾಗ ಹಾಳು ಮಾಡ್ಬೇಡಿ. ಎರಡು ಕಡ್ಡಿ ಆದ್ಮೇಲೆ ಡ್ಯುಯಲ್ ಚಾನೆಲ್ (ಎರಡೂ ಕಡ್ಡಿ ಒಟ್ಟಿಗೆ ದುಡಿಯೋದು) ಕೆಲಸ ಮಾಡುತ್ತೆ, ಅದರ ಲಾಭ ಬೇರೆ. ಮತ್ತೆ ಯಾರೋ ವೀಡಿಯೋದಲ್ಲಿ ಹೇಳಿದ್ರು ಅಂತ ವಿಂಡೋಸ್ ಪೇಜ್‌ಫೈಲ್ (ಮೆಮೊರಿ ಸಾಲದಾಗ ಡಿಸ್ಕಲ್ಲಿ ಬಳಸೋ ಜಾಗ) ಆಫ್ ಮಾಡಿದ್ರೆ 16 ಜಿಬಿ ಇದ್ರೂ ಕ್ರ್ಯಾಶ್ ಆಗ್ಬಹುದು. ಅದು ಆಟೋಮ್ಯಾಟಿಕ್‌ನಲ್ಲೇ ಇರ್ಲಿ.

ಎರಡನೇದು ಎಸ್‌ಎಸ್‌ಡಿ, 500 ಜಿಬಿಯ 2.5 ಇಂಚಿನ ಸಾಟಾ. ಎನ್‌ವಿಎಂಇ ಅನ್ನೋ ಇನ್ನೂ ವೇಗದ ಎಸ್‌ಎಸ್‌ಡಿ ಅಂಗಡೀಲಿ ತೋರಿಸಿದ್ರೆ ಬೇಡ ಅನ್ನಿ, ಈ ಕಾಲದ ಬೋರ್ಡಲ್ಲಿ ಅದರಿಂದ ವಿಂಡೋಸ್ ಬೂಟ್ ಮಾಡಿಸೋದೇ ತಾಪತ್ರಯ. ಇನ್ನೊಂದು ಸೂಕ್ಷ್ಮ ಇದೆ: ಎಚ್81ರಲ್ಲಿ ನಾಲ್ಕು ಸಾಟಾ ಕಿಂಡಿ ಇದ್ರೆ ಎರಡು 6 ಗಿಗಾಬಿಟ್‌ನವು, ಇನ್ನೆರಡು 3ರವು. ಬೋರ್ಡ್ ಮೇಲೆ ಬರೆದಿರುತ್ತೆ, ನೋಡಿ 6ರದ್ದಕ್ಕೇ ಚುಚ್ಚಿಸಿ. ಎಸ್‌ಎಸ್‌ಡಿಯಿಂದ ಫ್ರೇಮ್ ಏರಲ್ಲ, ಆದ್ರೆ ಲೋಡಿಂಗ್ ಕಾಯೋದು ಕಮ್ಮಿ ಆಗುತ್ತೆ, ತಿರುಗೋವಾಗ ನೆಲದ ಚಿತ್ರ ತಡವಾಗಿ ಬಂದು ಎಳೆಯೋದೂ ತಗ್ಗುತ್ತೆ.

ಇವೆರಡೂ ಆದ್ಮೇಲೂ ಮೇನ್‌ಥ್ರೆಡ್ಡೇ ಅಡ್ಡ ನಿಂತ್ರೆ ಮೂರನೇದು, ಹಳೇ ಐ7-4790. ಅದೂ ಎಲ್‌ಜಿಎ 1150 ಸಾಕೆಟ್ಟೇ, ಇದೇ ಬೋರ್ಡಿಗೆ ಕೂರುತ್ತೆ. ಬಯಾಸ್ (ಕಂಪ್ಯೂಟರ್ ಶುರು ಮಾಡೋ ಬೋರ್ಡಿನ ಸಾಫ್ಟ್‌ವೇರ್) ಹಳೇದಾಗಿದ್ರೆ ಪ್ರೊಸೆಸರ್ ಬದಲಾಯಿಸೋ ಮುಂಚೆ ಅಪ್‌ಡೇಟ್ ಮಾಡಿಸ್ಕೊಳ್ಳಿ. ಎರಡೂ 84 ವಾಟ್, ಹಾಗಾಗಿ ಈಗಿನ ಫ್ಯಾನೇ ಸಾಕು, ಥರ್ಮಲ್ ಪೇಸ್ಟ್ ಮಾತ್ರ ಹೊಸದಾಗಿ ಹಚ್ಚಿಸಿ. ವೇಗ 3.4 ಗಿಗಾಹರ್ಟ್ಸ್‌ನಿಂದ 4.0ಕ್ಕೆ ಹೋಗುತ್ತೆ, ಅಂದ್ರೆ ಆಗ ಹೇಳಿದ 45 ಮಿಲಿಸೆಕೆಂಡ್ 38ರ ಆಸುಪಾಸಿಗೆ ಇಳೀಬಹುದು, 22 ಫ್ರೇಮ್ 26 ಆಗ್ಬಹುದು. ಕೇಳೋಕೆ ಕಮ್ಮಿ, ಆದ್ರೆ ಲ್ಯಾಂಡಿಂಗ್ ಮಾಡೋನಿಗೆ ಆ ನಾಲ್ಕು ಫ್ರೇಮ್ ಗೊತ್ತಾಗುತ್ತೆ. 4 ಥ್ರೆಡ್ ಇದ್ದಿದ್ದು 8 ಆಗೋದೂ ಲಾಭವೇ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ, ಹಾಕಿಸಿ ಓಡಿಸಿ ತೋರಿಸಿದ ಮೇಲೇ ದುಡ್ಡು ಕೊಡಿ. ಹೊಸದಾಗಿ ಇಷ್ಟು ಹಳೇ ಪ್ರೊಸೆಸರ್ ಕೊಳ್ಳೋದು ಮಾತ್ರ ಶುದ್ಧ ದಂಡ.

ಆದಿ, ಈಗ ಸೆಟ್ಟಿಂಗ್. ಪ್ರೊಸೆಸರ್ ಭಾರ ಇಳಿಸೋವು ಇವು: ಟೆರೇನ್ ಲೆವೆಲ್ ಆಫ್ ಡೀಟೇಲ್ 100ರಿಂದ 50ಕ್ಕೆ, ಆಬ್ಜೆಕ್ಟ್ ಕೂಡ 50ಕ್ಕೆ. ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಲೋ ಮಾಡು, 737ರ ಪರದೆಗಳು ಸ್ವಲ್ಪ ತಡೆದು ತಡೆದು ಕಾಣ್ತಾವೆ, ಓದೋಕೇನೂ ತೊಂದ್ರೆ ಇಲ್ಲ. ಟ್ರಾಫಿಕ್ ಪುಟದಲ್ಲಿ ವಿಮಾನ, ನಿಲ್ದಾಣದ ಗಾಡಿ, ರಸ್ತೆ ಗಾಡಿ ಎಲ್ಲಾ ಸೊನ್ನೆ ಹತ್ರ ತಾ. ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಮಾಡಿದ ಊರುಗಳ 3ಡಿ ರೂಪ) ಆಫ್ ಮಾಡು, ಇಂಟರ್‌ನೆಟ್ಟೂ ಉಳಿಯುತ್ತೆ. ಮೋಡ, ನೆರಳು, ಟೆಕ್ಸ್ಚರ್ ಇವೆಲ್ಲ ಕಾರ್ಡಿನ ಕೆಲಸ, ಇವನ್ನ ಲೋ ಮಾಡಿದ್ರೆ ಮೇನ್‌ಥ್ರೆಡ್ಡಿಗೆ ಹೆಚ್ಚೇನೂ ಸಿಗಲ್ಲ. ನೋಡೋಕೆ ಬಡವಾಗುತ್ತೆ ಅಷ್ಟೇ. ಟೆಕ್ಸ್ಚರ್ ಮಾತ್ರ 4 ಜಿಬಿ ಕಾರ್ಡಿಗೆ ಮೀಡಿಯಂಗಿಂತ ಮೇಲೆ ಹೋಗದಿರ್ಲಿ, ಡೈರೆಕ್ಟ್‌ಎಕ್ಸ್ 11ರಲ್ಲೇ ಇರು. 12ಕ್ಕೆ ಹೋದ್ರೆ ಕಾರ್ಡಿನ ಮೆಮೊರಿ ಬೇಗ ತುಂಬಿ ಜರ್ಕ್ ಶುರು. ಕೊನೇಲಿ ವಿ-ಸಿಂಕ್ (ಮಾನಿಟರಿನ ವೇಗಕ್ಕೆ ಫ್ರೇಮ್ ಹೊಂದಿಸೋದು) ಆನ್ ಮಾಡಿ ಫ್ರೇಮ್ ಮಿತಿ 30 ಇಡು. 24ಕ್ಕೂ 45ಕ್ಕೂ ಓಲಾಡೋದಕ್ಕಿಂತ ಸ್ಥಿರವಾದ 28 ಕಣ್ಣಿಗೆ ಹಿತ, ಪ್ರಯಾಣಿಕ ವಿಮಾನಕ್ಕೆ ಅಷ್ಟು ಧಾರಾಳ. 20ಕ್ಕಿಂತ ಕೆಳಗೆ ಹೋದ್ರೆ ಆಟೋಪೈಲಟ್ ತೂಗಾಡೋಕೂ ಶುರು ಮಾಡ್ಬಹುದು.

ಇಷ್ಟೂ ಮಾಡಿದ್ರೆ ಪಿಎಂಡಿಜಿ 737 ಫುಲ್ ಎಚ್‌ಡಿಯಲ್ಲಿ ಹಾರುತ್ತೆ, ಮುಂಬೈ ದೆಹಲಿಯಂಥ ಕಡೆ ಏದುಸಿರು ಬಿಡ್ತಾ. ಫೀನಿಕ್ಸ್ ಅನ್ನೋರ ಎ320 ಆಡ್-ಆನ್ ಬೇಡ್ವೇ ಬೇಡ. ಅದರ ಸಿಸ್ಟಂ ಲೆಕ್ಕ ಸಿಮ್ಯುಲೇಟರಿನ ಹೊರಗೆ ಬೇರೆ ಪ್ರೋಗ್ರಾಂ ಆಗಿ ಓಡುತ್ತೆ, 4 ಥ್ರೆಡ್ಡಿನ ಐ5ಗೆ ಉಸಿರು ಕಟ್ಟುತ್ತೆ. ಸಿಮ್ಯುಲೇಟರ್ 2024ರ ಕನಿಷ್ಠ ಪಟ್ಟಿ ಐ7-6800ಕೆ, 16 ಜಿಬಿ ರ‍್ಯಾಮ್‌ನಿಂದಲೇ ಶುರು, ಅದರ ಆಸೆ ಈ ಪೆಟ್ಟಿಗೇಲಿ ಬಿಡು. ಆಡ್-ಆನ್ ಕೊಳ್ಳೋವಾಗ 2020ದೋ 2024ದೋ ಅಂತ ಎರಡು ಸಲ ನೋಡು.

ಒಂದು ರೂಪಾಯಿ ಆಡ್-ಆನ್‌ಗೆ ಹಾಕದೆ 737 ಬೇಕು ಅಂದ್ರೆ ಎಕ್ಸ್-ಪ್ಲೇನ್ ಅನ್ನೋ ಬೇರೆ ಸಿಮ್ಯುಲೇಟರಿಗೆ ಝೀಬೋ ಅನ್ನೋ 737-800 ಪುಕ್ಕಟೆ ಸಿಗುತ್ತೆ, ಚೆನ್ನಾಗಿದೆ ಕೂಡ. ಎಕ್ಸ್-ಪ್ಲೇನ್ 12 ಕೇಳೋದು 8ನೇ ಪೀಳಿಗೆಯ ಪ್ರೊಸೆಸರ್, ನಿಂದು 4ನೇದು. ಅದರ ಡೆಮೊ ಪುಕ್ಕಟೆ, ಇಳಿಸಿ ನೋಡಿಯೇ ಮುಂದಿನ ಮಾತು. ಅಲ್ಲಿ ಒಂದು ವಿಚಿತ್ರ ಇದೆ: ಫ್ರೇಮ್ 20ರ ಕೆಳಗೆ ಬಿದ್ರೆ ಅದು ಸಮಯವನ್ನೇ ನಿಧಾನ ಮಾಡುತ್ತೆ, ವಿಮಾನ ಸ್ಲೋ ಮೋಷನ್ನಲ್ಲಿ ಹೋಗುತ್ತೆ. ವ್ಯಾಟ್‌ಸಿಮ್‌ನಲ್ಲಿ (ಜನರೇ ಕಂಟ್ರೋಲರ್ ಆಗಿ ಕೂರೋ ಸಿಮ್ಯುಲೇಟರ್ ಜಾಲ) ಆನ್‌ಲೈನ್ ಹಾರಿಸಿದ್ರೆ ಹಿಂದೆ ಬರೋರೆಲ್ಲ ನಿನ್ನ ಬಾಲಕ್ಕೆ ಬರ್ತಾರೆ, ಕಂಟ್ರೋಲರ್ ಕೈಲಿ ಬೈಸ್ಕೋತೀಯ.

ಶೈಲಕ್ಕಾ, ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಈ ಪ್ರೊಸೆಸರಿಗೆ 11 ಅಧಿಕೃತವಾಗಿ ಬರಲ್ಲ. ಆಟಕ್ಕೆ ಇರ್ಲಿ, ನಿಮ್ಮ ಬ್ಯಾಂಕ್ ಕೆಲಸ ಅದರಲ್ಲಿ ಮಾಡ್ಬೇಡಿ. ಆದಿ, ಎ32ಎನ್‌ಎಕ್ಸ್ ಹಾಕಿ ಗೇಟಲ್ಲೊಂದು, ಇಳಿಯೋವಾಗೊಂದು ಆ ಎಫ್‌ಪಿಎಸ್ ಕಿಟಕಿಯ ಫೋಟೋ ಇಲ್ಲೇ ಕಳಿಸು. ರ‍್ಯಾಮ್ ಹಾಕೋ ಮುಂಚೆ ಒಂದ್ಸಲ, ಹಾಕಿದ್ಮೇಲೆ ಒಂದ್ಸಲ. ಐ7 ಬೇಕಾ ಬೇಡ್ವಾ ಅಂತ ಆಮೇಲೆ ಹೇಳ್ತೀನಿ.