ಪದ ಬೇಕಾಗೇತ್ರಿ, ಅರ್ಜೆಂಟ್: ಮೀನಿನ ಟ್ಯಾಂಕಿನ ಸ್ಪಂಜ್ ಫಿಲ್ಟರ್‌ಗೆ ಏನಂತ ಬರೀಲಿ?

ಹುಬ್ಬಳ್ಳಿಯಿಂದ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಾವಾರು ಮಾಳಿಗಿ ಮ್ಯಾಲ ಗಪ್ಪಿ, ಮೋಲಿ, ಏಂಜಲ್ ಮರಿ ಮಾಡಿಸಿ ಮಾರ್ತಾರ. ತಗೊಂಡ ಹೋಗೋರಿಗೆ ಕೊಡಾಕ ಒಂದ ಹಾಳಿ, ಗ್ವಾಡಿಗೆ ಒಂದ ಬೋರ್ಡು ಕನ್ನಡದಾಗ ಬೇಕಂದಾರ, ಪ್ರಿಂಟಿಂಗಿನಾಂವ ಸಂಜಿ ಆರರ ತನಕಾ ಟೈಮ್ ಕೊಟ್ಟಾನ. ಸಿಕ್ಕೊಂಡಿದ್ದು ಸ್ಪಂಜ್ ಫಿಲ್ಟರ್‌ಗೆ. ಏರ್ ಪಂಪ್ ಸಣ್ಣ ಪೈಪಿನಾಗ ಗಾಳಿ ಊದತೈತಿ, ಗುಳ್ಳಿ ನಡುವಿನ ಕೊಳವಿಯೊಳಗ ಮ್ಯಾಲೇರೋವಾಗ ನೀರನ್ನೂ ಕರಕೊಂಡ ಹೋಗ್ತಾವ, ಆ ಜಾಗಾ ತುಂಬಾಕ ಸುತ್ತಲಿನ ನೀರು ಸ್ಪಂಜ್ ಹಾದು ಒಳಗ ಬರತೈತಿ. ಎಳತ ಮೆತ್ತಗ ಇರ್ತದಂತ, ಮರಿ ಸಿಕ್ಕೊಳ್ಳಂಗಿಲ್ಲ, ಅದಕ್ಕ ಮರಿ ಟ್ಯಾಂಕಿಗೆ ಇದನ್ನ ಇಡೋದು. ಬರೇ ಫಿಲ್ಟರ್ ಅಂತ ಬರದ್ರ ಮಂದಿ ಕುಡಿಯೋ ನೀರಿನ ಫಿಲ್ಟರ್ ಅನ್ಕೊಂತಾರ. ಹೋದ ತಿಂಗಳ ಒಬ್ಬರು ಹೊಲಸಾಗೇತಿ ಅಂತ ನಳದ ಕೆಳಗ ಸಾಬಾಣ ಹಚ್ಚಿ ತಿಕ್ಕಿ ತೊಳದ್ರು, ನಾಕ ದಿನದಾಗ ಮರಿ ಎಲ್ಲಾ ಸತ್ತು ತೇಲಿದ್ವು. ಆಮ್ಯಾಲ ಮಾವಾರ ಜೋಡಿ ಜಗಳಕ್ಕ ಬಂದ್ರು.

ಧಾರವಾಡದಿಂದ:
ವಾಯುಚಾಲಿತ ರಂಧ್ರಶೋಧಕ. ಇದರಾಗ ಚರ್ಚಾ ಮಾಡೂದು ಏನದ?

ಗದಗದಿಂದ:
ಐತ್ರಿ ಸರ. ಲೋಹಶೋಧಕ ಲೋಹ ಹುಡುಕತೈತಿ, ಹಂಗಾರ ರಂಧ್ರಶೋಧಕ ಟ್ಯಾಂಕ್ ಎಲ್ಲಿ ತೂತ ಬಿದ್ದೈತಿ ಅಂತ ಹುಡುಕೋದಾತು. ನಮ್ಮ ಮನ್ಯಾಗ ಚಹಾ ಗಾಳಸ್ತಾರ, ಗಾಳಸೋ ಸಾಮಾನು ಗಾಳಣಿ. ಇದಂತೂ ಗಾಳೀಲೆನ ಗಾಳಸೋದು! ಗಾಳಿ, ಗಾಳಿಸು ಎರಡೂ ಒಂದ ಬೇರಿನವು, ಕಣದಾಗ ಜ್ವಾಳ ಗಾಳಿಗೆ ತೂರಿ ಹಸನ ಮಾಡ್ತೀವಲ್ಲ, ಅಲ್ಲಿಂದ ಬಂದದ್ದು. ಗಾಳಣಿ ಅಂತ ಹಾಕ್ರಿ, ಅಚ್ಚಗನ್ನಡ.

ಧಾರವಾಡದಿಂದ:
ತಪ್ಪು. ಗಾಳಣಿ ಮರಾಠಿ ಗಾಳಣೆ ಕಡಿಂದ ಬಂದದ್ದು, ಅದರ ಹಿಂದ ಸಂಸ್ಕೃತದ ಗಲ್ ಧಾತು, ತೊಟ್ಟಿಕ್ಕೂದು ಅಂತ ಅರ್ಥ. ಗಾಳಿ ದ್ರಾವಿಡ ಪದ, ತೆಲುಗಿನಾಗೂ ಗಾಲಿ ಅಂತಾರ. ಕಿವಿಗೆ ಒಂದೇ ಥರ ಕೇಳಿಸಿದ್ವು ಅಂತ ಬೀಗತನ ಮಾಡಿಸಬ್ಯಾಡ್ರಿ.

ಹಾವೇರಿಯಿಂದ:
ಬೇರು ಯಾವುದರ ಇರಲಿ, ವರದಾ ತುಂಗಭದ್ರಾ ಕೂಡೋ ಗಳಗನಾಥದ ಕಡೆ ಬಂದು ಗಾಳ ಅಂದ್ರ ಮೀನ ಹಿಡಿಯೋ ಕೊಂಡಿ ತೋರಸ್ತಾರ. ಮರಿ ಸಾಕೋ ಟ್ಯಾಂಕಿನ ಮ್ಯಾಲ ಗಾಳಣಿ ಅಂತ ಬೋರ್ಡ್ ಹಚ್ಚಿದ್ರ ಗೋಶಾಲಿಗೆ ಕಟುಕರ ಅಂಗಡಿ ಪಾಟಿ ಹಚ್ಚಿದಂಗ. ಗಾಳಿಸೋಸುಕ ಅನ್ರಿ. ಸ್ಪಂಜೂ ಬ್ಯಾಡ, ಸ್ಪಂಜ್ ಅಂದ್ರ ಕಡಲಿನ ಪ್ರಾಣಿ, ನೀವ ಹಾಕೋದು ಕಾರಖಾನಿ ಫೋಮು. ಹೀರುಮೆತ್ತೆ ಅನ್ನಬಹುದು.

ಧಾರವಾಡದಿಂದ:
ಮೆತ್ತಿ ಮ್ಯಾಲ ಮೀನು ಮಲಗ್ತಾವೇನು? ಮತ್ತ ಸೋಸು ಅನ್ನೂದು ಶೋಧಿಸು ಅನ್ನೂದರ ತದ್ಭವ ಅಂತ ನನ್ನ ಅಭಿಪ್ರಾಯ. ಸಂಸ್ಕೃತ ಮುಂಬಾಗಿಲಿಂದ ಬಂದ್ರ ಒದೀತೀರಿ, ಹಿತ್ತಲ ಬಾಗಿಲಿಂದ ಬಂದ್ರ ಮಣಿ ಹಾಕ್ತೀರಿ.

ಹಾವೇರಿಯಿಂದ:
ತದ್ಭವ ಆದಮ್ಯಾಲ ಅದು ನಮ್ಮ ಮನಿ ಸೊಸಿ ಸರ, ತವರುಮನಿ ಹೆಸರು ಕೇಳಬಾರದು.

ಗದಗದಿಂದ:
ಹಂಗಾರ ಫಿಲ್ಟರ್‌ಗೂ ಸೊಸಿತನ ಕೊಡ್ರಲ್ಲ, ಊರೂರಾಗ ಮಂದಿ ಕ್ಯಾನ್ ಹಿಡಕೊಂಡು ಫಿಲ್ಟರ್ ನೀರ ತರಾಕ ಹೊಂಟಾರ. ಪಗಾರ, ಚಾವಿ, ಬಟಾಟಿ ಮೂರೂ ಪೋರ್ತುಗೀಸರ ಮಾತು. ತಿಂಗಳಾ ಪಗಾರ ಬಂದಾಗ ಇದು ಪರಭಾಷಾ ಅಂತ ಯಾರರ ವಾಪಸ್ ಕೊಟ್ಟೀರೇನು?

ನವನಗರದಿಂದ:
ಅಣ್ಣಾರ, ನಾನು ಮೀನ ಸಾಕತೀನಿ, ಹೆಣ್ಣಮಗಳು ನಡುವ ಬಾಯಿ ಹಾಕಿದೆ ಅನ್ಬ್ಯಾಡ್ರಿ. ನಾವು ಸಾಕೋ ಮಂದಿ ಸ್ಪಂಜ್ ಅಂತೀವಿ, ಅಷ್ಟ. ನೀವೆಲ್ಲಾ ಸೋಸೋದು ಸೋಸೋದು ಅಂತ ಹೊಡದಾಡ್ತೀರಿ ಖರೆ, ಅದರ ಕೆಲಸದಾಗ ಸೋಸೋದು ಅರ್ಧಾ ಸೈತ ಅಲ್ಲ. ಮೀನಿನ ಹೇಲು, ಉಳದ ಫೀಡು ಕೊಳತು ಅಮೋನಿಯಾ ಆಗತೈತಿ, ಅದು ವಿಷಾ. ಸ್ಪಂಜಿನ ತೂತಿನ್ಯಾಗ ಮನಿ ಮಾಡಿದ ಬ್ಯಾಕ್ಟೀರಿಯಾ ಅದನ್ನ ಮೊದಲ ನೈಟ್ರೈಟ್ ಮಾಡ್ತಾವ, ಅದೂ ವಿಷಾನ, ಆಮ್ಯಾಲ ಬ್ಯಾರೆ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡ್ತಾವ, ಅದನ್ನ ಮೀನು ಬಾಳಷ್ಟು ತಡಕೊಂತಾವ, ನೀರು ಬದಲ ಮಾಡಿದ್ರ ಹೋಗತೈತಿ. ನಳದ ನೀರಾಗ ಕ್ಲೋರಿನ್ ಇರತೈತಿ, ಅದ್ರಾಗ ತೊಳದ್ರ ಬ್ಯಾಕ್ಟೀರಿಯಾ ಸಾಯ್ತಾವ, ಸಾಬಾಣ ಹಚ್ಚಿದ್ರಂತೂ ಕೇಳೋದ ಬ್ಯಾಡ. ಟ್ಯಾಂಕಿಂದ ತಗದ ನೀರು ಬಕೇಟಿನಾಗ ಹಿಡದು ಅದ್ರಾಗ ಎರಡ ಸಲ ಹಿಂಡಬೇಕು, ಮುಗೀತು. ಹೊಸಾ ಟ್ಯಾಂಕ್ ಹೂಡೋವಾಗ ಹಳೇ ಸ್ಪಂಜ್ ಅದ್ರಾಗ ಹಿಂಡ್ತೀವಿ, ಇಲ್ಲಾ ಆ ಸ್ಪಂಜನ್ನ ತಂದ ಇಡ್ತೀವಿ, ಇಲ್ಲಂದ್ರ ಬ್ಯಾಕ್ಟೀರಿಯಾ ಬೆಳಿಯೋ ತನಕಾ ತಿಂಗಳ ಒಂದೂವರಿ ತಿಂಗಳ ಕಾಯಬೇಕಾಗತೈತಿ. ನಮ್ಮ ಅತ್ತಿ ಇದಕ್ಕ ಹೆಪ್ಪ ಹಾಕೋದು ಅಂತಾರ, ಮೊಸರಿಗೆ ಹಾಕಿದಂಗ.

ಧಾರವಾಡದಿಂದ:
ಹೆಪ್ಪು. ಇದು ಪದ. ನಿಮ್ಮ ಅತ್ತಿಯವರಿಗೆ ನಮಸ್ಕಾರ ತಿಳಸ್ರಿ. ನನ್ನ ರಂಧ್ರಶೋಧಕ ವಾಪಸ್ ತಗೋತೀನಿ, ಗಾಳಣಿ ಮರಾಠಿ ಅನ್ನೂದನ್ನ ತಗೊಳ್ಳೂದಿಲ್ಲ.

ಗದಗದಿಂದ:
ಜ್ವಾಳ ತೂರೋದಂತೂ ಗಾಳಿಗೇ.

ಹುಬ್ಬಳ್ಳಿಯಿಂದ:
ಅಕ್ಕಾರ, ನೀವ ಉಳಿಸಿದ್ರಿ. ಬೋರ್ಡ್ ಹಿಂಗ ಹೋಗತೈತಿ: ಸ್ಪಂಜ್ ಫಿಲ್ಟರ್ ಒಳಗ ಹೆಪ್ಪು ಐತಿ, ನಳದ ನೀರಾಗ ತೊಳೀಬ್ಯಾಡ್ರಿ, ಸಾಬಾಣ ಮುಟ್ಟಿಸಬ್ಯಾಡ್ರಿ, ಟ್ಯಾಂಕಿನ ನೀರಾಗ ಹಿಂಡ್ರಿ.

ಹಾವೇರಿಯಿಂದ:
ಸ್ಪಂಜ್ ಅಲ್ಲ, ಸ್ಪಂಜು. ಫಿಲ್ಟರ್ ಅಲ್ಲ, ಫಿಲ್ಟರು. ಕೊನಿಗೆ ಸ್ವರ ಇಲ್ಲದ ಪದ ಕನ್ನಡದ ಬಾಯಾಗ ನಿಲ್ಲೋದಿಲ್ಲ, ತಿದ್ದರಿ.

ಹುಬ್ಬಳ್ಳಿಯಿಂದ:
ಪ್ರಿಂಟಿಗೆ ಹೋತ್ರಿ ಸರ. ಕರೆಂಟ್ ಹೋದಾಗ ಟ್ಯಾಂಕಿನ ನೀರು ಪೈಪಿನಾಗ ಹಿಂದಕ್ಕ ಹರದು ಪಂಪಿನೊಳಗ ಹೋಗಬಾರದು ಅಂತ ಪೈಪಿಗೆ ಚೆಕ್ ವಾಲ್ವ್ ಹಾಕ್ತಾರ, ಅದಕ್ಕ ಪದ ಕೇಳೋನಿದ್ದೆ. ಬ್ಯಾಡ. ಪಂಪ್ ನೀರಿಗಿಂತ ಮ್ಯಾಲ ಇಡ್ರಿ ಅಂತಷ್ಟ ಬರಸೀನಿ.