ಸಂಘದ ಸಾಲ: ಹೊಸ ಕಾಯ್ದೆ ಬಂದ ಮೇಲೆ ಕಂತು ಕಟ್ಟಬೇಕಾ, ಬೇಡವಾ?

ಹೊಲದಬದು (ಹಾವೇರಿ)

ನಮಸ್ಕಾರ್ರಿ. 2025ರ ಕಾಯ್ದೆ ಬಂದಮೇಲೆ ಮೈಕ್ರೋ ಫೈನಾನ್ಸ್ ಸಾಲ ಎಲ್ಲಾ ಮನ್ನಾ, ಯಾರೂ ಕಟ್ಟೋದು ಬ್ಯಾಡ ಅಂತ ನಮ್ಮ ಕಡೆ ವಾಟ್ಸಾಪ್‌ನಾಗ ಇನ್ನೂ ಓಡಾಡ್ತದ. ನಮ್ಮ ಓಣಿಯ ಒಬ್ಬ ಅಕ್ಕಾರಿಗೆ ಮೂರು ಕಡೆ ಸಾಲ ಐತಿ: ಎರಡು ವಾರದ ಸಂಘ, ಒಂದು ಖಾಸಗಿ ಬಡ್ಡಿ (ತಿಂಗಳಿಗೆ ನೂರಕ್ಕೆ ಐದು, ಖಾಲಿ ಚೆಕ್ ಕೊಟ್ಟಾರ). ಕಂತು ತಪ್ಪಿದ ವಾರ ಸಂಘದವರು ರಾತ್ರಿ ಎಂಟರ ತನಕ ಮನಿ ಕಟ್ಟೀಮ್ಯಾಲೆ ಕೂಡ್ತಾರ. ಕಾಯ್ದೆ ನಿಜವಾಗಿ ಏನ್ ಹೇಳ್ತದ? ಯಾವುದನ್ನ ಕಟ್ಟಬೇಕು, ಯಾವುದನ್ನ ನಿಲ್ಲಿಸಬಹುದು?

ಜಮಾಬಂದಿ

ಎಲ್ಲ ಸಾಲ ಮನ್ನಾ ಅನ್ನುವುದು ಶುದ್ಧ ಸುಳ್ಳು. ಅದನ್ನು ನಂಬಿ ಕಂತು ನಿಲ್ಲಿಸಿದವರ ಕ್ರೆಡಿಟ್ ರಿಪೋರ್ಟ್‌ನಲ್ಲಿ (ಸಾಲ ತೀರಿಸಿದ ಇತಿಹಾಸದ ದಾಖಲೆ) ಸುಸ್ತಿ ಏರುತ್ತಿದೆ, ನಾಳೆ ಬ್ಯಾಂಕಿಗೆ ಹೋದರೆ ಬೆಳೆಸಾಲಕ್ಕೂ ತೊಡಕಾಗುತ್ತದೆ.

ಕಾಯ್ದೆಯ ಪೂರ್ಣ ಹೆಸರು ಕರ್ನಾಟಕ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ). ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲದಲ್ಲಿ ಮಸೂದೆಯಾಗಿ ಪಾಸಾಯಿತು. ಸಾಲ ತೀರಿದಂತೆ ಎಂದು ಅದರಲ್ಲಿ ಹೇಳಿರುವುದು ಒಂದೇ ಬಗೆಯ ಸಾಲಕ್ಕೆ: ನೋಂದಣಿಯೂ ಇಲ್ಲದ, ಪರವಾನಗಿಯೂ ಇಲ್ಲದ ಸಂಸ್ಥೆ ಅಥವಾ ಲೇವಾದೇವಿಗಾರ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ. ರೈತರು, ಮಹಿಳೆಯರು, ಸ್ವಸಹಾಯ ಸಂಘಗಳು, ಕೃಷಿ ಕೂಲಿಕಾರರು, ಬೀದಿ ವ್ಯಾಪಾರಿಗಳು ಈ ವರ್ಗಕ್ಕೆ ಸೇರುತ್ತಾರೆ. ಅಂಥ ಸಾಲದ ವಸೂಲಿಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ. ಬಲವಂತದ ವಸೂಲಿ ಸಾಬೀತಾದರೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬ್ಯಾಂಕುಗಳು ಮತ್ತು ಆರ್‌ಬಿಐ ನೋಂದಣಿ ಇರುವ ಫೈನಾನ್ಸ್ ಕಂಪನಿಗಳ ಸಾಲಕ್ಕೆ ಈ ವಿನಾಯಿತಿ ಇಲ್ಲ.

ಹಾಗಾಗಿ ಮೊದಲು ಪತ್ತೆ ಮಾಡಬೇಕಾದ್ದು ಸಾಲ ಕೊಟ್ಟವರು ಯಾರು ಎಂಬುದನ್ನು. ಸಂಘದ ಹೆಸರು ನೋಡಬೇಡಿ, ಸಾಲದ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿರುವ ಕಂಪನಿಯ ಹೆಸರು ನೋಡಿ. ಆರ್‌ಬಿಐ ವೆಬ್‌ಸೈಟ್‌ನಲ್ಲಿ ನೋಂದಾಯಿತ ಎನ್‌ಬಿಎಫ್‌ಸಿಗಳ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳ) ಪಟ್ಟಿ ಇದೆ, ಅದಕ್ಕೆ ತಾಳೆ ಹಾಕಿ. ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಕೆಲವು ಸಂಸ್ಥೆಗಳು ಬರೀ ಬ್ಯಾಂಕಿನ ವ್ಯವಹಾರ ಪ್ರತಿನಿಧಿಗಳು. ಹಣ ಹಂಚುವವರು, ಕಂತು ಎತ್ತುವವರು ಅವರೇ ಆದರೂ ಸಾಲ ಬ್ಯಾಂಕಿನದು. ಅವರ ಹೆಸರು ಪಟ್ಟಿಯಲ್ಲಿಲ್ಲ ಅಂತ ಕಂತು ನಿಲ್ಲಿಸಿದರೆ ಕೈ ಸುಟ್ಟುಕೊಳ್ಳುವವರು ನೀವೇ.

ಖಾಸಗಿ ಬಡ್ಡಿಯವರ ವಿಷಯ ಬೇರೆ. 1961ರ ಲೇವಾದೇವಿ ಕಾಯ್ದೆ ಪ್ರಕಾರ ಅವರಿಗೆ ಸಹಕಾರ ಇಲಾಖೆಯ ಪರವಾನಗಿ ಬೇಕು. ಬಡ್ಡಿಗೂ ಮಿತಿ ಇದೆ: ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ 14%, ಇಲ್ಲದ್ದಕ್ಕೆ 16%. ತಿಂಗಳಿಗೆ ನೂರಕ್ಕೆ ಐದು ಅಂದರೆ ವರ್ಷಕ್ಕೆ 60%. ಮಿತಿಮೀರಿದ ಬಡ್ಡಿ ತಡೆಯುವ 2004ರ ಕಾಯ್ದೆಯೂ ಇದಕ್ಕೆ ಅನ್ವಯಿಸುತ್ತದೆ. ಸಹಾಯಕ ನಿಬಂಧಕರ ಕಚೇರಿಯಲ್ಲಿ ಅವರಿಗೆ ಪರವಾನಗಿ ಇದೆಯೇ ಅಂತ ಲಿಖಿತವಾಗಿ ಕೇಳಿ, ಇಲ್ಲ ಎಂದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ತೆಗೆದುಕೊಳ್ಳಿ. ಆ ಒಂದು ಹಾಳೆ ಮುಂದೆ ಡಿಸಿ ಕಚೇರಿಯಲ್ಲೂ ಠಾಣೆಯಲ್ಲೂ ಕೆಲಸಕ್ಕೆ ಬರುತ್ತದೆ. ಖಾಲಿ ಚೆಕ್ ಇದ್ದೇ ಇದೆಯಲ್ಲ, ಅದನ್ನು ಬೌನ್ಸ್ ಮಾಡಿಸಿ ನೋಟಿಸ್ ಕಳಿಸಿದರೆ ಸುಮ್ಮನೆ ಕೂರಬೇಡಿ. ನೋಟಿಸ್ ಕೈಸೇರಿದ 15 ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಬೇಕು. ಮಹಿಳೆಯಾದ್ದರಿಂದ ಆದಾಯದ ಮಿತಿ ಇಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಲೆಕ್ಕದವಳು

ಜಮಾಬಂದಿ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಆರ್‌ಬಿಐ ನೋಂದಣಿ ಇದ್ದ ಮಾತ್ರಕ್ಕೆ ಮನೆ ಬಾಗಿಲಲ್ಲಿ ಕೂರುವ ಹಕ್ಕು ಬಂದಂತಲ್ಲ. 2022ರ ಆರ್‌ಬಿಐ ನಿಯಮಾವಳಿ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನೂ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ ಒಂದು ಸ್ಥಳ. ಅಲ್ಲಿಗೆ ಸಾಲಗಾರರು ಸತತ ಎರಡು ಬಾರಿ ಬರದಿದ್ದರೆ ಮಾತ್ರ ಮನೆಗೆ ಬರಬಹುದು, ಅದೂ ಹಗಲಿನಲ್ಲಿ. ನೆಂಟರು, ಅಕ್ಕಪಕ್ಕದವರಿಗೆ ಫೋನ್ ಹೊಡೆಯುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು ಎಲ್ಲ ನಿಷಿದ್ಧ.

ಸಾಲದ ಕಾರ್ಡು ಕೈಗೆ ತಗೊಂಡು ಇಷ್ಟು ನೋಡಿ:

ಬಡ್ಡಿ "ಫ್ಲಾಟ್ 12%" (ಅಸಲು ಕರಗುತ್ತಾ ಬಂದರೂ ಮೊದಲಿನ ಇಡೀ ಸಾಲದ ಮೇಲೆಯೇ ಬಡ್ಡಿ) ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. 50,000 ರೂಪಾಯಿಗೆ ಎರಡು ವರ್ಷದ ಫ್ಲಾಟ್ 12% ಅಂದರೆ ಬಡ್ಡಿ 12,000, ತಿಂಗಳ ಕಂತು 2,583. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು 21.5% ಆಗುತ್ತದೆ. ಆ ನಿಜವಾದ ವಾರ್ಷಿಕ ದರವನ್ನೇ ಸಾಲಗಾರರಿಗೆ ಅರ್ಥವಾಗುವ ಭಾಷೆಯ ಫ್ಯಾಕ್ಟ್‌ಶೀಟ್‌ನಲ್ಲಿ (ಸಾಲದ ವಿವರದ ಹಾಳೆ) ಬರೆದು ಕೊಡಬೇಕು. ಅದರಲ್ಲಿ ಇಲ್ಲದ ಯಾವ ಶುಲ್ಕವನ್ನೂ ವಸೂಲು ಮಾಡುವಂತಿಲ್ಲ. ಕಂತು ತಡವಾದರೆ ದಂಡ ಬಾಕಿಯಾದ ಕಂತಿಗೆ ಮಾತ್ರ, ಇಡೀ ಸಾಲಕ್ಕಲ್ಲ. ಅವಧಿಗೆ ಮುಂಚೆ ತೀರಿಸಿದರೂ ದಂಡ ಇಲ್ಲ.

ಇನ್ನೊಂದು ನಿಯಮ ಜನರಿಗೆ ಗೊತ್ತೇ ಇಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಮನೆ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಆದಾಯ 15,000 ಇದ್ದರೆ ಕಂತು 7,500ರ ಒಳಗೆ. ಮಿತಿ ದಾಟಿದರೂ ಹೊಸ ಸಾಲ ಕೊಟ್ಟಿದ್ದರೆ ದೂರಿನಲ್ಲಿ ಅದನ್ನೇ ಮುಖ್ಯ ಮಾಡಿ. ಅರ್ಜಿಯಲ್ಲಿ ಆದಾಯ ಎಷ್ಟು ಬರೆದಿದ್ದಾರೆ ಅಂತಲೂ ಕೇಳಿ. ಸಾಲ ಪಾಸಾಗಲಿ ಅಂತ ಫೀಲ್ಡ್‌ನವರೇ ಅಂಕಿ ಏರಿಸಿ ಬರೆಯುವುದುಂಟು.

ದೂರಿನ ದಾರಿ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಅಥವಾ ಇಮೇಲ್ ಇರಲಿ, ಬ್ರಾಂಚಿನಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಹಾಕಿ. ಶುಲ್ಕ ಇಲ್ಲ. ಸಹಾಯಕ್ಕೆ 14448. ಈ ದೂರನ್ನು ವಕೀಲರ ಮೂಲಕ ಹಾಕಬೇಡಿ, ಆ ಕಾರಣಕ್ಕೇ ತಿರಸ್ಕಾರವಾಗುತ್ತದೆ. ಕಂಪನಿಗೆ ಮೊದಲು ದೂರು ಕೊಡದೆ ನೇರ ಹೋದರೂ ಅದೇ ಗತಿ.

ಹೊಲದಬದು (ಹಾವೇರಿ)

ಬಹಳ ಉಪಕಾರ ಆತ್ರಿ. ಕಾರ್ಡ್ ನೋಡಿಸಿದೆ, ಎರಡೂ ಸಂಘದ್ದು ಆರ್‌ಬಿಐ ಪಟ್ಟಿಯಾಗ ಐತಿ. ಆದರ ಠಾಣೆಗೆ ಹೋದ್ರ "ಇದು ಸಿವಿಲ್ ಮ್ಯಾಟರ್, ನೀವೇ ಮಾತಾಡಿ ಬಗೆಹರಿಸ್ಕೊಳ್ರಿ" ಅಂತಾರ. ಅದಕ್ಕೇನ್ ಮಾಡೋದು?

ಹಿಂಬರಹ

ಹಾಗೆ ಹೇಳಿ ಕಳಿಸಲು ಅರ್ಧ ಕಾರಣ ದೂರು ಬರೆಯುವ ರೀತಿ. "ಸಾಲದ ವಿಷಯಕ್ಕೆ ಬೈದರು, ಬೆದರಿಸಿದರು" ಅಂತ ಎರಡು ಸಾಲು ಬರೆದರೆ ಎನ್‌ಸಿ (ಅಸಂಜ್ಞೇಯ ದೂರು) ಅಂತ ಬರೆದುಕೊಂಡು ಕೈತೊಳೆದುಕೊಳ್ಳುತ್ತಾರೆ. ಬರೀ ಬೈಗುಳ, ಸಾದಾ ಬೆದರಿಕೆ ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದಿರುತ್ತದೆ, ಅದನ್ನು ಬಿಟ್ಟುಬಿಟ್ಟಿರುತ್ತಾರೆ. ಬೇಡ ಅಂದರೂ ಮನೆಯೊಳಗೆ ನುಗ್ಗಿದರೆ ಗೃಹ ಅತಿಕ್ರಮಣ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 329(4). ಹಣ ಬರುವತನಕ ಹೆಂಗಸರನ್ನು ಮೀಟಿಂಗ್ ಜಾಗದಿಂದ ಎದ್ದು ಹೋಗಲು ಬಿಡದಿದ್ದರೆ ಅಕ್ರಮ ತಡೆ, 126(2). ಸುತ್ತಗಟ್ಟಿ ಕೂಡಿಹಾಕಿದರೆ 127(2). ಇವೆಲ್ಲ ಸಂಜ್ಞೇಯ, ಅಂದರೆ ಪೊಲೀಸರೇ ನೇರ ತನಿಖೆ ಮಾಡಬಹುದಾದವು, ಎಫ್‌ಐಆರ್ ಆಗಲೇಬೇಕು.

ಬರೆಯುವಾಗ ತಾರೀಖು, ಗಂಟೆ, ಎಷ್ಟು ಜನ ಬಂದರು, ಯಾರು ಎಲ್ಲಿ ನಿಂತರು, ಆಡಿದ ಮಾತು ಇದ್ದದ್ದು ಇದ್ದಂತೆ, ನೋಡಿದ ಇಬ್ಬರ ಹೆಸರು. ಗೋಡೆಗೆ ಬಣ್ಣದಲ್ಲಿ "ಈ ಮನೆ ಅಡಮಾನ" ಅಂತ ಬರೆದಿದ್ದರೆ ಅಳಿಸುವ ಮೊದಲು ಫೋಟೋ ತೆಗೆಯಿರಿ. ಕಿರುಸಾಲಕ್ಕೆ ಅಡಮಾನವೇ ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಆ ಬರಹವೇ ಅವರ ವಿರುದ್ಧ ಸಾಕ್ಷಿ. ನಡೆಯದ ಮಾತು ಒಂದನ್ನೂ ಸೇರಿಸಬೇಡಿ, ಒಂದು ಸುಳ್ಳು ಸಿಕ್ಕಿದರೆ ಉಳಿದದ್ದೂ ಬೀಳುತ್ತದೆ.

ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4)ರಡಿ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಬಡ್ಡಿಯವರ ಮೇಲಿನ ದೂರು ಮಾತ್ರ ಬೇರೆ ಹಾಳೆಯಲ್ಲಿ, 2025ರ ಕಾಯ್ದೆಯ ಹೆಸರು ಹಾಕಿ ಬರೆಯಿರಿ. ಆ ಕಾಯ್ದೆಯಡಿ ಕೇಸು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಪ್ರತಿಯನ್ನು ಡಿಸಿ ಕಚೇರಿಯ ಟಪಾಲಿಗೂ ಕೊಡಿ. ನೋಂದಣಿ ಪ್ರಾಧಿಕಾರ ಅವರೇ. ಸಂಘ, ಬಡ್ಡಿ ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ರಾತ್ರಿ ಬಂದು ಕೂತಾಗ 112ಕ್ಕೆ ಫೋನ್ ಮಾಡಿ. ಕರೆಯ ದಾಖಲೆ ಉಳಿಯುತ್ತದೆ.

ಲೆಕ್ಕದವಳು

ಎರಡೂ ಸಂಘ ಪಟ್ಟಿಯಲ್ಲಿದೆ ಅಂದಿರಲ್ಲ, ಹಾಗಾದರೆ ಕಂತು ನಿಲ್ಲಿಸಬೇಡಿ ಅಣ್ಣಾ. ಕಷ್ಟ ಇದ್ದರೆ ಅವಧಿ ಹೆಚ್ಚಿಸಿ ಕಂತು ಇಳಿಸಿ ಅಂತ ಬ್ರಾಂಚಿಗೆ ಲಿಖಿತ ಅರ್ಜಿ ಕೊಡಲಿ. ಕೊಡಲೇಬೇಕೆಂಬ ಕಟ್ಟಳೆ ಇಲ್ಲ, ಆದರೆ ಉದ್ದೇಶಪೂರ್ವಕ ಸುಸ್ತಿ ಅನ್ನುವ ಮಾತಿಗೆ ಅದು ಉತ್ತರವಾಗುತ್ತದೆ. ಕಟ್ಟಿದ ಪ್ರತಿ ಕಂತಿಗೂ ರಸೀದಿ, ಕಾರ್ಡಿನಲ್ಲಿ ಸಹಿ. "ಆ್ಯಪ್‌ನಲ್ಲಿ ಏರಿಸಿದ್ದೇನೆ ಅಕ್ಕಾ" ಅಂದರೆ ಎಸ್‌ಎಂಎಸ್ ಬರುವತನಕ ಬಿಡಬೇಡಿ.

ಜೊತೆಗೆ ಆ ಅಕ್ಕನ ಕ್ರೆಡಿಟ್ ರಿಪೋರ್ಟ್ ಒಮ್ಮೆ ತೆಗೆಸಿ. ಸಿಬಿಲ್, ಸಿಆರ್‌ಐಎಫ್ ಹೈಮಾರ್ಕ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ರಿಪೋರ್ಟ್ ಉಚಿತವಾಗಿ ಕೊಡಬೇಕು. ಕಿರುಸಾಲ ನೋಡಲು ಹೈಮಾರ್ಕ್‌ನಿಂದ ಶುರು ಮಾಡಿ. ಮುಗಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿರಬಹುದು, ಎಲ್ಲೋ ಆಧಾರ್ ಕೊಟ್ಟದ್ದರಿಂದ ಗೊತ್ತಿಲ್ಲದ ಸಾಲವೂ ಕೂತಿರಬಹುದು. ತಿದ್ದಲು ಅರ್ಜಿ ಕೊಟ್ಟ 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು.

ಜಮಾಬಂದಿ

ಬಿಟ್ಟುಹೋದ ಒಂದು ಮಾತು. ಸಂಘದಲ್ಲಿ ತನ್ನ ಹೆಸರಲ್ಲಿ ಸಾಲ ಎತ್ತಿ ಹಣವನ್ನು ಇನ್ನೊಬ್ಬರಿಗೆ ಕೊಟ್ಟದ್ದಾದರೆ, ಕಂಪನಿಯ ಮಟ್ಟಿಗೆ ಸಾಲಗಾರರು ಸಹಿ ಹಾಕಿದವರೇ. ಹಣ ಒಯ್ದವರಿಂದ ಈಗಲಾದರೂ ಮೊತ್ತ, ತಾರೀಖು ಬರೆದ ಕೈಪತ್ರ ಮಾಡಿಸಿಕೊಳ್ಳಿ, ಮುಂದಿನ ಕಂತು ಅವರ ಖಾತೆಯಿಂದ ಆ ಅಕ್ಕನ ಖಾತೆಗೆ ಬರಲಿ, ನಗದು ಬೇಡ.